ಚಾರ್ಮಾಡಿ ಘಾಟಿಯಲ್ಲಿ ನೀರು ಕುಡಿದ ಕಾರು

ಉಜಿರೆಯಿಂದ ಮೇಲೆ ಹೊರಟವರಿಗೆ ಮುಂಡಾಜೆ, ಕಕ್ಕಿಂಜೆ ದಾಟುವವರೆಗೂ ಘಾಟಿಯ ಸುಳಿವು ಸಿಗುವುದಿಲ್ಲ. ಎರಡೂ ಬದಿಗೆ ಅಡಿಕೆ ತೋಟ, ನಡುವೆ ಒಂದೊಂದು ಅಂಗಡಿ. ಚಾರ್ಮಾಡಿ ಊರು ಮುಗಿದದ್ದೇ ತಡ, ರಸ್ತೆ ಬೆಟ್ಟವನ್ನು ಹತ್ತತೊಡಗುತ್ತದೆ. ಒಂದು ಕಡೆ ನೀರು ಜಿನುಗುವ ಬಂಡೆ, ಇನ್ನೊಂದು ಕಡೆ ಆಳದ ಕಾಡು. ಮಂಗಳೂರಿನಿಂದ ಮೂಡಿಗೆರೆ, ಬೇಲೂರಿನತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಇದೇ. 2019ರ ಆಗಸ್ಟ್ ಮಳೆಗೆ ಇಲ್ಲಿ ಗುಡ್ಡ ಕುಸಿದು, ತಿಂಗಳುಗಟ್ಟಲೆ ಸಂಚಾರ ನಿಂತಿತ್ತು. ಘಾಟಿಯಲ್ಲಿರುವ ಅಣ್ಣಪ್ಪ ಸ್ವಾಮಿಯ ಗುಡಿಯ ಮುಂದೆ ಗಾಡಿ ನಿಲ್ಲಿಸಿ ಕೈಮುಗಿಯದೆ ಮುಂದೆ ಹೋಗುವ ಚಾಲಕರು ಕಡಿಮೆ.

ಕಳೆದ ದಸರಾ ರಜೆಗೆ ಮಗಳನ್ನು ಉಜಿರೆಯ ಹಾಸ್ಟೆಲಿನಿಂದ ಬೇಲೂರಿಗೆ ಕರೆತರಲು ನಾನೂ ನನ್ನ ಹೆಂಡತಿಯೂ ಹೋಗಿದ್ದೆವು. ಕಾರು ನನ್ನ ತಂದೆಯವರು ಕೊಂಡದ್ದು. ಅದಕ್ಕೆ ಇಪ್ಪತ್ತೈದು ದಾಟಿದೆ. ಎರಡು ತಿಂಗಳಿಂದ ಅದಕ್ಕೊಂದು ಹೊಸ ಚಟ ಅಂಟಿಕೊಂಡಿತ್ತು. ವಾರಕ್ಕೆ ಅರ್ಧ ಲೀಟರ್ ನೀರು ಕುಡಿಯುತ್ತಿತ್ತು. ಪ್ರತಿ ಭಾನುವಾರ ನಾನು ಬಾನೆಟ್ ಎತ್ತಿ ನೀರು ತುಂಬಿಸಿ, ಕಾರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆಂದು ಬೀಗುತ್ತಿದ್ದೆ. ನಿಂತ ಜಾಗದಲ್ಲಿ ನೆಲ ಒಣಗಿಯೇ ಇರುತ್ತಿದ್ದುದರಿಂದ ಚಿಂತೆಯೂ ಇರಲಿಲ್ಲ.

ಅಂದು ಹಿಂದಿನ ಸೀಟಿನಲ್ಲಿ ಮಗಳು ಮಾತಿಲ್ಲದೆ ಕುಳಿತಿದ್ದಳು. ಪ್ರಥಮ ಪಿಯುಸಿಯ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರ ಕೈಕೊಟ್ಟಿತ್ತು. ಈಗಾಗಲೇ ಎರಡು ಟ್ಯೂಷನ್ ಇದ್ದವು. "ಇನ್ನೊಂದಕ್ಕೆ ಸೇರಿಸಿಬಿಡೋಣ" ಎಂದು ನಾನು ಉಜಿರೆಯಲ್ಲೇ ತೀರ್ಪು ಕೊಟ್ಟಿದ್ದೆ.

ನಾಲ್ಕೈದು ತಿರುವು ಹತ್ತಿರಬಹುದು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಧ್ಯದ ಗೆರೆ ಬಿಟ್ಟು ಮೇಲೇರತೊಡಗಿತು. ಮುಂದೆ ಲಾರಿ, ಹಿಂದೆ ಬಸ್ಸು. ಅಗಲವಾದ ಜಾಗ ಸಿಕ್ಕೊಡನೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆರಿಸಿದೆ. ಹೆಂಡತಿ ಚಕ್ರದ ಹಿಂದೆ ಕಲ್ಲಿಟ್ಟಳು. ಬಾನೆಟ್ ಎತ್ತಿದವನೇ ಟವೆಲ್ ಸುತ್ತಿಕೊಂಡು ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದೆ.

"ಬೇಡಪ್ಪಾ! ತೆಗೆಯಬೇಡ!" ಮಗಳು ಕೂಗಿದಳು.

ಅವಳು ಹೇಳಿದ್ದು ಸರಿಯಾಗಿತ್ತು. ಸಮುದ್ರ ಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಪ್ರತಿ 300 ಮೀಟರ್ ಮೇಲೇರಿದಂತೆ ಅದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಒತ್ತಡ ಹೆಚ್ಚಿಸಿದರೆ ಇದಕ್ಕೆ ತಿರುಗುಮುರುಗು. ರೇಡಿಯೇಟರಿನ ಮುಚ್ಚಳ 0.9 ಬಾರ್‌ನಷ್ಟು ಹೆಚ್ಚುವರಿ ಒತ್ತಡ ಹಿಡಿದಿಟ್ಟರೆ, ಸಮುದ್ರ ಮಟ್ಟದಲ್ಲಿ ಬರಿಯ ನೀರೂ 118 ಡಿಗ್ರಿಯವರೆಗೆ ಕುದಿಯುವುದಿಲ್ಲ. ಬಿಸಿಯಾಗಿರುವಾಗ ಆ ಮುಚ್ಚಳ ತೆಗೆದರೆ ಒತ್ತಡ ಒಮ್ಮೆಲೇ ಇಳಿದು, ಒಳಗಿನ ನೀರೆಲ್ಲ ಕುದಿದು ಮುಖಕ್ಕೆ ಚಿಮ್ಮುತ್ತದೆ. ಹೀಗೆ ಸುಟ್ಟುಕೊಂಡವರು ಬೇಕಾದಷ್ಟು ಜನ ಇದ್ದಾರೆ. ಭೌತಶಾಸ್ತ್ರದಲ್ಲಿ ಹಿಂದೆ ಬಿದ್ದ ಹುಡುಗಿ ಭೌತಶಾಸ್ತ್ರದಿಂದಲೇ ಅಪ್ಪನ ಮುಖ ಉಳಿಸಿದಳು.

ಮುಕ್ಕಾಲು ಗಂಟೆ ಕಾದೆವು. ಮಳೆಗಾಲ ಮುಗಿದಿದ್ದರೂ ಬಂಡೆಯ ಮೇಲಿಂದ ಒಂದು ಝರಿ ಇಳಿಯುತ್ತಲೇ ಇತ್ತು. ಕೆಳಗಿನ ಕಣಿವೆಯಿಂದ ಮಂಜು ಏರಿ ಬಂದು ರಸ್ತೆ ದಾಟಿ ಹೋಯಿತು. ಝರಿಯನ್ನು ನೋಡುತ್ತ ಮಗಳು ಕೇಳಿದಳು: "ಅಪ್ಪಾ, ಎರಡು ತಿಂಗಳು ನೀನು ಹಾಕಿದ ನೀರೆಲ್ಲ ಎಲ್ಲಿಗೆ ಹೋಯಿತು?"

ನನ್ನ ಬಳಿ ಉತ್ತರವಿರಲಿಲ್ಲ. ಎಂಜಿನ್ ಪೂರ್ತಿ ಆರಿದ ಮೇಲೆ ಝರಿಯ ನೀರನ್ನೇ ನಿಧಾನವಾಗಿ ತುಂಬಿಸಿ ಹೊರಟೆವು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುವ ಅಪಾಯವಿದೆ. ಎಸಿ ಆರಿಸಿ, ಹೀಟರನ್ನು ಪೂರ್ತಿ ತಿರುಗಿಸಿದೆವು. ಸೆಖೆಯಾದರೂ ಎಂಜಿನ್ನಿನ ಶಾಖ ಅಷ್ಟಾದರೂ ಹೊರಗೆ ಬರುತ್ತದೆ. ಹೀಗೆ ಬೆವರುತ್ತ ಕೊಟ್ಟಿಗೆಹಾರ ಮುಟ್ಟಿದೆವು.

ಕಳಸದ ಕಡೆಗೂ ಮೂಡಿಗೆರೆಯ ಕಡೆಗೂ ದಾರಿ ಒಡೆಯುವ ಈ ಊರು ನೀರುದೋಸೆಗೆ ಹೆಸರಾದದ್ದು. ದೋಸೆ ತಿಂದು, ಎಂಜಿನ್ ತಣ್ಣಗಾದ ಮೇಲೆ ಒಂದು ಸಣ್ಣ ಗ್ಯಾರೇಜಿಗೆ ಹೋದೆವು. ಅಲ್ಲಿನ ವಯಸ್ಸಾದ ಮೆಕ್ಯಾನಿಕ್ ಸ್ಪ್ಯಾನರಿಗೆ ಕೈ ಹಾಕಲೇ ಇಲ್ಲ. ಮೊದಲು ಎಣ್ಣೆ ತುಂಬುವ ಮುಚ್ಚಳ ತೆಗೆದು ಒಳಬದಿ ನೋಡಿದರು. "ಎಣ್ಣೆಗೆ ನೀರು ಸೇರಿದ್ದರೆ ಹಾಲು ಹಾಕಿದ ಕಾಫಿ ಥರ ಆಗಿರ್ತಿತ್ತು ಸಾರ್. ಹೊಗೆ ಕೊಳವೇಲಿ ಬಿಳಿ ಹೊಗೆ ನಿಲ್ಲದೆ ಬರ್ತಿತ್ತಾ? ಇಲ್ಲ ಅಲ್ವಾ? ಹಾಗಾದ್ರೆ ಹೆಡ್ ಗ್ಯಾಸ್ಕೆಟ್ ಸದ್ಯಕ್ಕೆ ಬಚಾವ್." ಆಮೇಲೆ ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಮುಟ್ಟಿದರು. ಅಲ್ಲಿ ತೇವವಿದ್ದು ಸಿಹಿ ವಾಸನೆ ಬಂದರೆ ಹೀಟರಿನ ಪುಟ್ಟ ರೇಡಿಯೇಟರ್ ಸೋರುತ್ತಿದೆ ಎಂದರ್ಥ. ಎಸಿಯಿಂದ ತೊಟ್ಟಿಕ್ಕುವುದಾದರೆ ವಾಸನೆಯಿಲ್ಲದ ನೀರು. ಕೂಲೆಂಟಿನ ಸಿಹಿ ವಾಸನೆ ಎಥಿಲೀನ್ ಗ್ಲೈಕಾಲ್‌ನದ್ದು. ಅದು ವಿಷ, ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ, ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು.

ಆಮೇಲೆ ಮುಚ್ಚಳದ ಜಾಗಕ್ಕೆ ಮೀಟರ್ ಇರುವ ಒಂದು ಕೈಪಂಪು ಸಿಕ್ಕಿಸಿದರು. ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ; ಅದಕ್ಕಿಂತ ಹೆಚ್ಚಿಲ್ಲ. "ಮುಳ್ಳು ನೋಡ್ತಾ ಇರಮ್ಮ" ಎಂದು ಮಗಳನ್ನು ನಿಲ್ಲಿಸಿ, ತಾವು ಟಾರ್ಚ್ ಹಿಡಿದು ಕೆಳಗೆ ತೂರಿದರು. ಎರಡು ನಿಮಿಷ ಏನೂ ಆಗಲಿಲ್ಲ.

"ಅಂಕಲ್, ಮುಳ್ಳು ಇಳೀತಾ ಇದೆ."

"ಇಲ್ಲಿದೆ ನೋಡು ಕಳ್ಳ!"

ರೇಡಿಯೇಟರಿನ ಕೆಳಗಿನ ರಬ್ಬರ್ ಹೋಸ್, ಕ್ಲಿಪ್ಪಿನ ಅಡಿಯಲ್ಲೇ ಸೀಳಿತ್ತು. ಸುತ್ತ ಹಸಿರು ಬಿಳುಪಿನ ಒಣಗಿದ ಕಲೆ. ಊರೊಳಗಿನ ಓಡಾಟದಲ್ಲಿ ಸೀಳು ಅಷ್ಟಾಗಿ ಬಾಯಿ ಬಿಡುತ್ತಿರಲಿಲ್ಲ. ಜಿನುಗಿದ ಹನಿಯೂ ಕಾದ ಲೋಹಕ್ಕೆ ತಾಗಿ ಆವಿಯಾಗುತ್ತಿತ್ತು. ನೆಲ ಒಣಗಿರುತ್ತಿದ್ದ ಗುಟ್ಟು ಇದು. ಏರು ಹತ್ತಿ ಬಿಸಿಯೂ ಒತ್ತಡವೂ ಹೆಚ್ಚಿದಾಗ ಅದು ಬಾಯ್ತೆರೆಯಿತು.

"ನೀರು ಹಾಕ್ತಾ ಬಂದ್ರಲ್ಲ ಸಾರ್, ಅದರಿಂದ ರೋಗ ಮುಚ್ಚಿಹೋಯ್ತು. ಕೂಲೆಂಟೂ ತೆಳ್ಳಗಾಯ್ತು, ಒಳಗೆ ತುಕ್ಕು ಹಿಡಿಯೋಕೆ ದಾರಿ ಆಯ್ತು. ನೀರು ಕಡಿಮೆಯಾದ ಮೊದಲ ದಿನವೇ ಎಲ್ಲಿ ಸೋರ್ತಿದೆ ಅಂತ ಕೇಳ್ಬೇಕಿತ್ತು" ಎಂದರು. ಹೊಸ ಹೋಸ್, ಹೊಸ ಕ್ಲಿಪ್ಪು, ಹಳೆಯ ನೀರೆಲ್ಲ ಬಸಿದು ಹೊಸ ಕೂಲೆಂಟು. ಮುಗಿಯುವಾಗ ಸಂಜೆಯಾಗಿತ್ತು.

ಮೂಡಿಗೆರೆಯ ಕಡೆಗೆ ಕಾಫಿ ತೋಟಗಳ ನಡುವೆ ಹೋಗುವಾಗ ಮುಳ್ಳು ಮಧ್ಯದ ಗೆರೆ ಬಿಟ್ಟು ಅಲ್ಲಾಡಲಿಲ್ಲ. ಆದರೂ ನನಗೆ ಸಮಾಧಾನವಿರಲಿಲ್ಲ. ಮೆಕ್ಯಾನಿಕ್ ಹೇಳಿದ್ದು ಕಾರಿನ ಮಾತು ಮಾತ್ರವಾಗಿ ನನಗೆ ಕೇಳಿಸಿರಲಿಲ್ಲ. ಕನ್ನಡಿಯಲ್ಲಿ ಮಗಳ ಮುಖ ನೋಡಿ ಕೇಳಿದೆ: "ಭೌತಶಾಸ್ತ್ರ ಯಾವ ಪಾಠದಿಂದ ಅರ್ಥವಾಗುತ್ತಿಲ್ಲ ಪುಟ್ಟಿ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ವೆಕ್ಟರ್‌ನಿಂದಪ್ಪಾ. ಜ್ವರ ಬಂದು ಒಂದು ವಾರ ಮಲಗಿದ್ದೆನಲ್ಲ, ಆಗ ತಪ್ಪಿಹೋಯಿತು. ಮುಂದಿನದಕ್ಕೆಲ್ಲ ಅದೇ ಬೇಕು. ಟ್ಯೂಷನ್‌ನಲ್ಲೂ ಅದಾದ ಮೇಲಿನ ಪಾಠವೇ ನಡೆಯುತ್ತಿತ್ತು."

"ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಮುಂದಿನ ಸೀಟಿನಲ್ಲಿದ್ದ ನನ್ನ ಹೆಂಡತಿ ಕಿಟಕಿಯ ಕಡೆ ತಿರುಗಿಕೊಂಡಳು. ಇಬ್ಬರಿಗೂ ಸಮನಾಗಿ ತಾಗಿದ ಮಾತು ಅದು.

ಮೂರನೆಯ ಟ್ಯೂಷನ್ನಿಗೆ ಸೇರಿಸಲಿಲ್ಲ. ರಜೆಯ ಹತ್ತು ದಿನ ಊಟದ ಮೇಜಿನ ಮೇಲೆ ವೆಕ್ಟರ್ ಪಾಠ ಬಿಟ್ಟು ಬೇರೆ ಪುಸ್ತಕ ಬಿಚ್ಚಲಿಲ್ಲ. ಭಾನುವಾರ ಬೆಳಿಗ್ಗೆ ಅಭ್ಯಾಸಬಲದಿಂದ ಚೊಂಬು ಹಿಡಿದು ಬಾನೆಟ್ ಎತ್ತಿದೆ. ಕೂಲೆಂಟು ಕೊಟ್ಟಿಗೆಹಾರದಲ್ಲಿ ತುಂಬಿಸಿದ ಗೆರೆಯಲ್ಲೇ ಇತ್ತು. ನೀರನ್ನು ತುಳಸಿ ಗಿಡಕ್ಕೆ ಹಾಕಿ ಒಳಗೆ ಬಂದೆ.