ಗಗನಚುಕ್ಕಿ ಮುಂದೆ ಕರೆಂಟ್ ಪಾಠ

ದಸರಾ ರಜೆಗೆ ಮಳವಳ್ಳಿಯ ಅಕ್ಕನ ಮನೆಗೆ ಹೋಗಿದ್ದೆ. ನಾಲ್ಕನೇ ಕ್ಲಾಸಿನ ಪುಟ್ಟಿ ಸ್ವಿಚ್ ಮುಟ್ಟುತ್ತಲೇ ಇರಲಿಲ್ಲ. ಕತ್ತಲಾದರೂ ಲೈಟ್ ಹಾಕದೆ, ಯಾರಾದರೂ ಬರಲಿ ಅಂತ ಬಾಗಿಲಲ್ಲೇ ನಿಂತಿರುತ್ತಿದ್ದಳು. ಹದಿನೈದು ದಿನದ ಹಿಂದೆ ಒದ್ದೆ ಕೈಯಲ್ಲಿ ಬಚ್ಚಲುಮನೆ ಸ್ವಿಚ್ ಹಾಕಲು ಹೋಗಿ ಶಾಕ್ ಹೊಡೆಸಿಕೊಂಡಿದ್ದಳಂತೆ.

ಆ ಬೋರ್ಡ್ ಒಡೆದಿರೋದು ನನಗೆ ಗೊತ್ತಿತ್ತು. ಅಕ್ಕ ಎರಡು ಸಲ ಹೇಳಿದ್ದಳು. "ಮುಂದಿನ ಸಲ ಬಂದಾಗ ಸರಿ ಮಾಡಿಸ್ತೀನಿ ಬಿಡಕ್ಕ" ಅಂದಿದ್ದೆ.

ತಪ್ಪು ತಿದ್ದಿಕೊಳ್ಳೋಣ ಅಂತ ಪುಟ್ಟಿಯನ್ನು ಕೂರಿಸಿಕೊಂಡು ವೋಲ್ಟೇಜ್, ರೆಸಿಸ್ಟೆನ್ಸ್ ಅಂತ ಶುರು ಮಾಡಿದೆ. ಎರಡೇ ನಿಮಿಷ, ಎದ್ದು ಹೋದಳು. ಇಂಜಿನಿಯರಿಂಗ್ ಡಿಗ್ರಿ ಅಲ್ಲೇ ಮುಗಿಯಿತು. ಮರುದಿನ ಅವಳನ್ನು ಬೈಕಲ್ಲಿ ಕೂರಿಸಿಕೊಂಡು ಶಿವನಸಮುದ್ರಕ್ಕೆ ಹೊರಟೆ.

ಇಲ್ಲಿ ಕಾವೇರಿ ಎರಡಾಗಿ ಸೀಳಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತಾಳೆ. ನಾವು ನಿಂತಿದ್ದು ಗಗನಚುಕ್ಕಿ ಎದುರಿನ ಕಟ್ಟೆಯ ಮೇಲೆ. ಮಳೆ ಚೆನ್ನಾಗಿ ಆಗಿತ್ತು, ನೀರಿನ ಸದ್ದಿಗೆ ಕೂಗಿ ಮಾತಾಡಬೇಕಿತ್ತು.

"ಈ ನೀರಲ್ಲಿ ಕರೆಂಟ್ ಇದೆಯಾ ಮಾಮಾ?"

"ಇಲ್ಲ ಪುಟ್ಟಿ. ನೀರಲ್ಲಿ ಇರೋದು ಜೋರು. ಮೇಲಿನಿಂದ ಒಂದಷ್ಟು ನೀರನ್ನ ಕಾಲುವೆಯಲ್ಲಿ ತಂದು, ದೊಡ್ಡ ಪೈಪ್‌ಗಳಲ್ಲಿ ಕೆಳಗೆ ಬಿಡ್ತಾರೆ. ಆ ಜೋರಿಗೆ ಚಕ್ರ ತಿರುಗುತ್ತೆ. ಚಕ್ರದ ಜೊತೆ ಅಯಸ್ಕಾಂತ ತಿರುಗುತ್ತೆ. ಅದರ ಸುತ್ತ ತಾಮ್ರದ ತಂತಿ ಸುತ್ತಿರ್ತಾರೆ. ತಂತಿಯೊಳಗೆ ಎಲೆಕ್ಟ್ರಾನ್ ಅನ್ನೋ ಸಣ್ಣ ಸಣ್ಣ ಕಣಗಳು ಮೊದಲೇ ತುಂಬಿರುತ್ತವೆ. ಅಯಸ್ಕಾಂತ ತಿರುಗಿದರೆ ಅವಕ್ಕೆ ತಳ್ಳು ಬೀಳುತ್ತೆ. ಅದೇ ಕರೆಂಟ್. ನೀರು ಮತ್ತೆ ಹೊಳೆಗೇ ಹೋಗುತ್ತೆ."

ವಿದ್ಯುತ್ ಕೇಂದ್ರದ ಒಳಗೆ ಹೋಗೋಕೆ ಮೊದಲೇ ಅನುಮತಿ ಬೇಕು. ನಾವು ತಗೊಂಡಿರಲಿಲ್ಲ. ರಸ್ತೆ ಬದಿ ನಿಂತು ಗೋಪುರದಿಂದ ಗೋಪುರಕ್ಕೆ ಹೋಗುವ ತಂತಿಗಳನ್ನೇ ನೋಡಿದೆವು. 1902ರಲ್ಲಿ ಇಲ್ಲಿಂದ ಸುಮಾರು 147 ಕಿ.ಮೀ. ದೂರದ ಕೋಲಾರ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಆಮೇಲೆ, 1905ರಲ್ಲಿ.

"ಅಷ್ಟು ದೂರ ಹೋದ್ರೆ ಕರೆಂಟಿಗೆ ಸುಸ್ತಾಗಲ್ವಾ?"

ಕಾಲೇಜಿನಲ್ಲಿ ನಾನು ಯಾವತ್ತೂ ಕೇಳದ ಪ್ರಶ್ನೆ! ಆಗುತ್ತೆ ಅಂದೆ. ತಂತಿ ಬಿಸಿಯಾಗಿ ಸ್ವಲ್ಪ ಶಕ್ತಿ ದಾರಿಯಲ್ಲೇ ಪೋಲಾಗುತ್ತೆ. ಅದಕ್ಕೇ ವೋಲ್ಟೇಜ್ ಏರಿಸಿ ಕಳಿಸ್ತಾರೆ, ಊರು ಹತ್ತಿರ ಬಂದಾಗ ಟ್ರಾನ್ಸ್‌ಫಾರ್ಮರ್ ಇಳಿಸುತ್ತೆ.

ಅಷ್ಟರಲ್ಲಿ ಪಕ್ಕದ ಕಂಬದ ತಂತಿ ಮೇಲೆ ಒಂದು ಕಾಗೆ ಬಂದು ಕೂತಿತು. "ಅದಕ್ಕೆ ಶಾಕ್ ಹೊಡೆಯಲ್ಲ, ನನಗೆ ಯಾಕೆ ಹೊಡೀತು?" ಅಂದಳು. ಮೂರು ದಿನದಿಂದ ಅವಳು ಕೇಳಬೇಕೆಂದಿದ್ದು ಇದೇ ಇರಬೇಕು.

"ಕರೆಂಟಿಗೆ ಹೋಗೋಕೆ ದಾರಿ ಬೇಕು. ಕಾಗೆಯ ಎರಡೂ ಕಾಲು ಒಂದೇ ತಂತಿ ಮೇಲಿವೆ, ಅದು ನೆಲ ಮುಟ್ಟಿಲ್ಲ. ನೀನು ನೆಲದ ಮೇಲೆ ನಿಂತಿದ್ದೆ, ಕೈ ಒದ್ದೆ ಇತ್ತು, ಬೋರ್ಡ್ ಒಡೆದಿತ್ತು. ನಿನ್ನ ಮೈಯೇ ದಾರಿಯಾಯ್ತು. ತಪ್ಪು ನಿಂದಲ್ಲ. ಬೋರ್ಡ್ ಸರಿ ಮಾಡಿಸದೇ ಇದ್ದ ಮಾಮಂದು."

ಅವಳು ಏನೂ ಅನ್ನಲಿಲ್ಲ. ವಾಪಸ್ ಬರುವಾಗ ಮಾತ್ರ ನನ್ನ ಸೊಂಟ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ದಾರಿಯಲ್ಲಿ ಒಂದೂವರೆ ವೋಲ್ಟಿನ ಸೆಲ್, ಟಾರ್ಚ್ ಬಲ್ಬ್, ಒಂದು ಮೊಳ ವೈರ್ ತಗೊಂಡೆವು. ಜಗಲಿಯಲ್ಲಿ ಕೂತು ಜೋಡಿಸಿದಳು. ವೈರಿನ ಒಂದು ತುದಿ ಬಿಟ್ಟರೆ ಬಲ್ಬ್ ಆರಿತು, ಸೇರಿಸಿದರೆ ಹತ್ತಿತು. ದಾರಿ ಪೂರ್ತಿಯಾದರೆ ಮಾತ್ರ ಕರೆಂಟ್ ಹರಿಯೋದು ಅಂತ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. "ಇದು ಸೆಲ್‌ನಲ್ಲಿ ಮಾತ್ರ, ಗೋಡೆ ಪ್ಲಗ್‌ನಲ್ಲಿ 230 ವೋಲ್ಟ್ ಇರುತ್ತೆ" ಅಂತ ಅಕ್ಕನ ಎದುರೇ ಮಾತು ತಗೊಂಡೆ.

ಮಾರನೇ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬದಲಾಯಿಸಿ, ಅರ್ಥಿಂಗ್ ನೋಡಿ ಹೋದರು. ಅರ್ಧ ಗಂಟೆಯ ಕೆಲಸ. ಅದಕ್ಕೆ ನಾನು ಎರಡು ಹಬ್ಬ ಮುಂದೂಡಿದ್ದೆ.

ಸಂಜೆ ಪುಟ್ಟಿ ಬಚ್ಚಲುಮನೆ ಬಾಗಿಲಲ್ಲಿ ನಿಂತಳು. ಚಪ್ಪಲಿ ಹಾಕಿಕೊಂಡಳು, ಲಂಗಕ್ಕೆ ಎರಡು ಸಲ ಕೈ ಒರೆಸಿಕೊಂಡಳು, ನನ್ನ ಕಡೆ ಒಮ್ಮೆ ನೋಡಿದಳು.

ಲೈಟ್ ಹತ್ತಿತು.