ಮನೆಯ ಕಾಗದ, ಮನೆಯವರ ಭಾಷೆ

1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ಮುಂದೆ ಕಚೇರಿಯ ಕಾಗದಗಳಲ್ಲಿ ತೆಲುಗು ನೆಲೆಗೊಂಡಿತು. ಪಡಸಾಲೆ, ಮಾಳಿಗೆ, ಬೆಳಕಿಂಡಿ ಎಂಬ ಮಾತುಗಳು ಮಾತ್ರ ನಮ್ಮ ನಾಲಿಗೆಯಲ್ಲಿ ಉಳಿದವು.

ಈಚೆಗೆ ನಮ್ಮ ಹಳೆಯ ಶಿಷ್ಯನೊಬ್ಬನು ಪಟ್ಟಣದಲ್ಲಿ ಮನೆಯ ಒಳವಿನ್ಯಾಸದ ಮಳಿಗೆ ತೆರೆಯಲು ಸಿದ್ಧನಾಗಿ, ಗಿರಾಕಿಗಳಿಗೆ ಕೊಡುವ ಕಾಗದಗಳನ್ನು ನೋಡಿಕೊಡಬೇಕೆಂದು ಕೇಳಿದನು. ನಕ್ಷೆ, ದರಪಟ್ಟಿ, ಒಪ್ಪಂದ, ಕಂತುಗಳ ವಿವರ ನಾಲ್ಕೂ ಅಚ್ಚುಕಟ್ಟಾಗಿದ್ದವು, ನಾಲ್ಕೂ ಇಂಗ್ಲಿಷಿನಲ್ಲಿದ್ದವು. ಓದುವವರು ಯಾರೆಂದು ಕೇಳಿದೆವು. “ಯಾರೂ ಓದುವುದಿಲ್ಲ ಸಾರ್, ಸಹಿ ಹಾಕುತ್ತಾರೆ” ಎಂದನು.

ನಮ್ಮ ಬೀದಿಯ ವೃದ್ಧ ತಾಯಿಯೊಬ್ಬರು ಹೀಗೆಯೇ ಸಹಿ ಹಾಕಿ ಅಡುಗೆಮನೆಗೆ ಹಣ ಕಟ್ಟಿದ್ದರು. ಕಟ್ಟೆಯ ಕಲ್ಲಿಗೆ ಬೇರೆ ಹಣವೆಂದು ತಿಳಿದದ್ದು ಕಪಾಟುಗಳನ್ನು ಕೂರಿಸಿದ ಮೇಲೆ. ಕಾಗದದಲ್ಲಿ ಅದು ಬರೆದೇ ಇತ್ತು, ಅವರಿಗೆ ಓದಲು ಬಾರದ ಲಿಪಿಯಲ್ಲಿ. ಆ ಹಣಕ್ಕಾಗಿ ಅವರು ಬಳೆಗಳನ್ನು ಅಡವಿಟ್ಟರು. ಇದನ್ನು ಮೋಸವೆನ್ನಲಾಗದು, ನ್ಯಾಯವೆನ್ನಲೂ ಆಗದು.

ಆದ್ದರಿಂದ ಶಿಷ್ಯನೊಡನೆ ಕುಳಿತು ಕಾಗದಗಳನ್ನು ಹೊಸದಾಗಿ ಬರೆದೆವು. ಎಡಕ್ಕೆ ಕನ್ನಡ, ಬಲಕ್ಕೆ ತೆಲುಗು, ಕೋಣೆಗೊಂದು ಪುಟ, ಅಳತೆ ಅಡಿ ಅಂಗುಲಗಳಲ್ಲಿ. ಪ್ಲೈವುಡ್ ಎಂದಷ್ಟೇ ಬರೆದರೆ ಸಾಲದು. ದಪ್ಪ 18 ಮಿಲಿಮೀಟರೋ 12 ಮಿಲಿಮೀಟರೋ, ನೀರು ತಾಗುವೆಡೆಗೆ ಐಎಸ್ 710 ಗುರುತಿನದೋ ಸಾಮಾನ್ಯ ಬಳಕೆಯ ಐಎಸ್ 303ರದೋ ಎಂಬುದು ಇರಬೇಕು. ನೆಲಕ್ಕೆ ಬೇತಂಚೆರ್ಲದ ಕಲ್ಲೋ ಕಡಪ ಕಲ್ಲೋ ಟೈಲ್ಸೋ ಎಂದು ಹೇಳಬೇಕು. ದರದಲ್ಲಿ ಸೇರಿದ್ದು ಒಂದು ಪಟ್ಟಿ. ಸೇರದ್ದು ಅದರ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ. ಯಾವ ಕೆಲಸ ಮುಗಿದ ಮೇಲೆ ಯಾವ ಕಂತು ಎಂಬುದೂ ಸ್ಪಷ್ಟವಾಗಿರಬೇಕು.

“ಇಷ್ಟೆಲ್ಲ ಬರೆದರೆ ಗಿರಾಕಿಗಳು ಹೆದರಿಯಾರು” ಎಂದು ಶಿಷ್ಯನು ಅನುಮಾನಿಸಿದನು. ಮೊದಲೇ ಹಿಂದೆಗೆಯುವ ಗಿರಾಕಿ, ಅರ್ಧ ಕೆಲಸದಲ್ಲಿ ಜಗಳಕ್ಕೆ ನಿಲ್ಲುವವನಿಗಿಂತ ಮೇಲೆಂದೆವು. ಮನೆ ಕಟ್ಟಿ ಮಾರುವವರು ಬರಹದ ಒಪ್ಪಂದವಿಲ್ಲದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದೆಂದು 2016ರ ರೇರಾ ಕಾಯ್ದೆ ವಿಧಿಸುತ್ತದೆ. ಒಳವಿನ್ಯಾಸದ ಮಳಿಗೆಯನ್ನು ಆ ಕಾಯ್ದೆ ಕಟ್ಟಿಹಾಕದಿದ್ದರೂ ಅದರ ನೀತಿ ಕಟ್ಟಿಹಾಕಬೇಕು.

ಕೊನೆಗೊಂದು ನಿಯಮ ಸೇರಿಸಿದೆವು: ಸಹಿಗೆ ಮುನ್ನ ಕಾಗದವನ್ನು ಮನೆಯಾಕೆಗೆ ಓದಿ ಹೇಳಿ, ಅವರಿಂದ ತಿರುಗಿ ಹೇಳಿಸಬೇಕು. ಪಾಠ ತಲುಪಿತೇ ಎಂದು ತಿಳಿಯಲು ಮೇಷ್ಟರಿಗೆ ಇದಕ್ಕಿಂತ ಬೇರೆ ದಾರಿಯಿಲ್ಲ.

ಶಾಲೆಯ ಕನ್ನಡಕ್ಕಾಗಿ ನಾವು ಸಮ್ಮೇಳನಗಳಲ್ಲಿ ನಿರ್ಣಯ ಮಾಡುತ್ತೇವೆ. ಅಂಗಡಿಯ ಕಾಗದದಲ್ಲಿಯೂ ಕನ್ನಡ ಬೇಕು. ಹಿಂದೆ ಮೇಸ್ತ್ರಿ ನೆಲದ ಮೇಲೆ ಸುಣ್ಣದ ಗೆರೆ ಎಳೆದಾಗ, ಅಕ್ಷರ ಬಾರದ ಹೆಂಗಸೂ ಅಲ್ಲಿ ನಿಂತು “ಒಲೆ ಇಲ್ಲಿ ಬೇಡ” ಎನ್ನಬಲ್ಲವಳಾಗಿದ್ದಳು. ಆ ಅಧಿಕಾರವನ್ನು ಕಾಗದ ಕಸಿಯಬಾರದು.