ಕೊನೆಯ ಲಾಂಚಿನ ಲೆಕ್ಕ

ನಮ್ಮ ಮನೆಯ ಗೋಡೆಯ ಮೇಲೆ ಗಡಿಯಾರವಿತ್ತು, ಆದರೆ ಅದನ್ನು ನೋಡುವವರು ಕಡಿಮೆ. ಹೊತ್ತು ತಿಳಿಯಲು ನಮಗೆ ಲಾಂಚಿನ ಸದ್ದು ಸಾಕಾಗಿತ್ತು. ಮೊದಲನೇ ಲಾಂಚು ಹೊರಟರೆ ಕೊಟ್ಟಿಗೆ ಕೆಲಸ ಮುಗಿದಿರಬೇಕು. ಕೊನೆಯ ಲಾಂಚು ಬಂದು ನಿಂತರೆ ಆ ದಿನದ ಮಟ್ಟಿಗೆ ನಮಗೂ ಹೊರಗಿನ ಲೋಕಕ್ಕೂ ಸಂಬಂಧ ಮುಗಿಯಿತು ಎಂದೇ ಅರ್ಥ.

ಸಾಗರ ತಾಲ್ಲೂಕಿನ ತುಮರಿಯ ಕಡೆಯವರು ನಾವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಹಿಂದಕ್ಕೆ ನಿಂತಾಗ ಅಜ್ಜನ ಮನೆ, ಗದ್ದೆ, ತೋಟ ಎಲ್ಲ ಅಡಿಗೆ ಹೋದವು. ಎಷ್ಟೋ ಕುಟುಂಬಗಳು ಶಿವಮೊಗ್ಗದ ಕಡೆ ಗುಳೆ ಹೋದವು. ಅಜ್ಜ ಹೋಗಲಿಲ್ಲ. ನೀರು ಏರಿದಂತೆ ಗುಡ್ಡ ಏರಿ, ಹಿನ್ನೀರಿನ ಅಂಚಿನಲ್ಲೇ ಮತ್ತೊಂದು ಮನೆ ಕಟ್ಟಿದ. ಬೇಸಿಗೆಯ ಕೊನೆಗೆ ನೀರು ಇಳಿದಾಗ ಕರಿಹಿಡಿದ ಮರದ ಬೊಡ್ಡೆಗಳು ತಲೆ ಎತ್ತುತ್ತಿದ್ದವು. ಅಪ್ಪಯ್ಯ ದಡದಲ್ಲಿ ನಿಂತು, ‘ಅಗೋ, ಅಲ್ಲೇ ನಮ್ಮ ಬಾವಿಕಟ್ಟೆ’ ಎಂದು ಕೈ ತೋರಿಸುತ್ತಿದ್ದ. ನಮಗೆ ಕಾಣುತ್ತಿದ್ದುದು ಕೆಸರು ಮಾತ್ರ.

ಈ ಮುಳುಗಡೆಯ ಬದುಕನ್ನು ಸಾಗರದ ನಾ. ಡಿಸೋಜ ಅವರು ಕಾದಂಬರಿಗಳಲ್ಲಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದರು. ದ್ವೀಪ ಎಂಬ ಮಾತು ನಮಗೆ ಹೊಸದೇನಲ್ಲ. ಮೂರು ಕಡೆ ನೀರು, ಇನ್ನೊಂದು ಕಡೆ ಕಾಡು. ಲಾಂಚು ಹತ್ತಿ ಅಂಬಾರಗೋಡ್ಲಿನ ದಡ ಸೇರಿದರೆ ಅಲ್ಲಿಂದ ಸಾಗರಕ್ಕೆ ಬಸ್ಸು. ಲಾಂಚು ಬೇಡವೆಂದರೆ ಕೋಗಾರು, ಕಾರ್ಗಲ್ ಸುತ್ತಿಕೊಂಡು ಹೋಗಬೇಕಿತ್ತು. ಸಿಗಂದೂರಿಗೆ ಬರುತ್ತಿದ್ದ ಭಕ್ತರಿಗೆ ಲಾಂಚಿನ ಪ್ರಯಾಣ ಒಂದು ಸೊಗಸಾಗಿತ್ತು. ರಾತ್ರಿ ಹೊತ್ತು ಎದೆನೋವು ಬಂದವನಿಗೆ ಅದೇ ನೀರು ಬೇರೆಯಾಗಿ ಕಾಣುತ್ತಿತ್ತು. ನಮ್ಮ ಕಡೆ ತುಂಬು ಬಸುರಿಯರನ್ನು ದಿನ ತುಂಬುವ ಮೊದಲೇ ಸಾಗರದ ನೆಂಟರ ಮನೆಗೆ ಕಳಿಸಿಬಿಡುತ್ತಿದ್ದರು.

ನಾನು ಹೇಳಬೇಕೆಂದಿರುವುದು ನನ್ನ ಅಕ್ಕನ ವಿಷಯ. 1990ರಲ್ಲಿ ಅವಳು ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾದಳು. ಮುಂದೆ ಓದಲು ಸಾಗರದ ಕಾಲೇಜು. ಅಪ್ಪಯ್ಯ ಜಗಲಿಯಲ್ಲಿ ಕೂತು ಲೆಕ್ಕ ಹಾಕಿದ. ಕಾಲೇಜು ಬಿಡುವುದು ಎಷ್ಟಕ್ಕೆ, ಬಸ್ಸು ಹೊರಡುವುದು ಎಷ್ಟಕ್ಕೆ, ದಡ ಸೇರುವಾಗ ಎಷ್ಟು ಹೊತ್ತಾಗಿರುತ್ತದೆ. ಹೇಗೆ ಕೂಡಿಸಿದರೂ ಕೊನೆಯ ಲಾಂಚು ಸಿಗುತ್ತಿರಲಿಲ್ಲ. ‘ಲಾಂಚು ತಪ್ಪಿದರೆ ಹುಡುಗಿ ರಾತ್ರಿಯಿಡೀ ಆಚೆ ದಡದಲ್ಲಿ ಕೂರಬೇಕಾ?’ ಎಂದ. ಯಾರೂ ಉತ್ತರ ಕೊಡಲಿಲ್ಲ. ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ ಎಂದಾಯಿತು. ಮುಂದಿನ ವರ್ಷ ಅವಳ ಕೈಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇತ್ತು.

1992ರಲ್ಲಿ ನಾನು ಪಾಸಾದೆ. ನನ್ನದು ದ್ವಿತೀಯ ದರ್ಜೆ. ಅಪ್ಪಯ್ಯ ಮತ್ತೆ ಲೆಕ್ಕ ಹಾಕಿದ. ಈ ಸಲ ಲೆಕ್ಕದಲ್ಲಿ ಲಾಂಚು ಬರಲಿಲ್ಲ. ಅಡಿಕೆ ಮಂಡಿಯಲ್ಲಿ ಮುಂಗಡ ತಂದು ಸಾಗರದ ಹಾಸ್ಟೆಲಿಗೆ ಕಟ್ಟಿದ. ಹೊರಡುವ ದಿನ ನನ್ನ ಟ್ರಂಕಿನ ಒಂದು ಹಿಡಿಕೆಯನ್ನು ಹಿಡಿದುಕೊಂಡು ಕಡವಿನವರೆಗೆ ಬಂದವಳು ಅಕ್ಕ. ಲಾಂಚು ಹೊರಟ ಮೇಲೂ ಅವಳು ದಡದಲ್ಲೇ ನಿಂತಿದ್ದಳು. ನನಗೆ ಆಗ ಹದಿನಾರು. ಹೊಸ ಊರಿನ ಸಂಭ್ರಮದಲ್ಲಿ ತಿರುಗಿ ಎಷ್ಟು ಸಲ ನೋಡಿದೆನೋ ನೆನಪಿಲ್ಲ.

ಓದಿದೆ, ಕೆಲಸ ಸಿಕ್ಕಿತು, ಊರು ಬಿಟ್ಟೆ. ಅಕ್ಕನನ್ನು ಅದೇ ದಡದ ಇನ್ನೊಂದು ಊರಿಗೆ ಮದುವೆ ಮಾಡಿ ಕೊಟ್ಟರು. ನಮ್ಮ ಊರಿನ ಕಷ್ಟ ಹೇಳುವ ಸಂದರ್ಭ ಬಂದಾಗಲೆಲ್ಲ ನಾನು, ‘ಒಂದು ಸೇತುವೆ ಇಲ್ಲದೆ ನನ್ನ ಅಕ್ಕನ ಓದು ನಿಂತುಹೋಯಿತು’ ಎನ್ನುತ್ತಿದ್ದೆ. ಕೇಳಿದವರು ಮರುಗುತ್ತಿದ್ದರು. ನಾನೂ ಅದನ್ನು ಪೂರ್ತಿ ನಂಬಿದ್ದೆ.

ಅಂತೂ ಸೇತುವೆ ಬಂತು. 2018ರಲ್ಲಿ ಶಂಕುಸ್ಥಾಪನೆಯಾಗಿ, 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಕೇಬಲ್‌ಗಳ ಮೇಲೆ ತೂಗುವ, ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ. ನಾಡಿಗೆಲ್ಲ ವಿದ್ಯುತ್ ಕೊಡಲು ಮುಳುಗಿದ ಜನ ಇದಕ್ಕಾಗಿ ಅರವತ್ತು ವರ್ಷ ಕಾದರು. ಉದ್ಘಾಟನೆಯಾದ ಕೆಲವು ವಾರಗಳಲ್ಲಿ ನಾನೂ ಹೋದೆ. ಒಂದು ಕಾಲಕ್ಕೆ ಗಂಟೆಗಟ್ಟಲೆ ಕಾಯುತ್ತಿದ್ದ ನೀರನ್ನು ನಾಲ್ಕೈದು ನಿಮಿಷದಲ್ಲಿ ದಾಟಿದಾಗ ಗಂಟಲು ಕಟ್ಟಿತು.

ಅಕ್ಕನ ಕಿರಿಯ ಮಗಳು ಸಾಗರದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಅಂದು ಸಂಜೆ ಕತ್ತಲಾದ ಮೇಲೆ ಬಸ್ಸಿಳಿದು, ಚೀಲ ಬಿಸಾಡಿ, ‘ಅಮ್ಮಾ, ಹಸಿವು’ ಎಂದಳು. ಯಾರ ಮುಖದಲ್ಲೂ ಗಾಬರಿಯಿಲ್ಲ. ನನಗೆ ತಡೆಯಲಾಗಲಿಲ್ಲ. ‘ಅಕ್ಕಾ, ಈ ಸೇತುವೆ ಆಗಲೇ ಇದ್ದಿದ್ದರೆ ನೀನೂ ಓದಿರುತ್ತಿದ್ದೆ’ ಎಂದೆ.

ಅಕ್ಕ ಮಗಳಿಗೆ ದೋಸೆ ಹಾಕುತ್ತಿದ್ದಳು. ಕಾವಲಿಯಿಂದ ಕಣ್ಣು ತೆಗೆಯದೆ, ‘ನೀನು ಓದುವಾಗಲೂ ಸೇತುವೆ ಇರಲಿಲ್ಲವಲ್ಲ ತಮ್ಮಾ’ ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ದೋಸೆ ಮಗುಚಿದಳು, ನನ್ನ ತಟ್ಟೆಗೂ ಒಂದು ಹಾಕಿದಳು. ನಾನು ಮೂವತ್ತು ವರ್ಷಗಳಿಂದ ಹೇಳಿಕೊಂಡು ಬಂದ ಮಾತು ಅಷ್ಟರಲ್ಲಿ ಮುಗಿದುಹೋಗಿತ್ತು. ನೀರು ಇಬ್ಬರಿಗೂ ಒಂದೇ ಇತ್ತು. ಲಾಂಚೂ ಒಂದೇ. ಹಾಸ್ಟೆಲೂ ಇತ್ತು, ಮಂಡಿಯೂ ಇತ್ತು. ಅಪ್ಪಯ್ಯ ಕೆಟ್ಟವನಲ್ಲ. ಮಗಳೆಂದರೆ ಅವನಿಗೆ ಪ್ರಾಣ. ಬೇಡ ಎಂದು ಬಾಯಿಬಿಟ್ಟು ಹೇಳಲು ಅವನಿಗೆ ಆಗುತ್ತಿರಲಿಲ್ಲ. ಲಾಂಚು ಅವನ ಪರವಾಗಿ ಹೇಳಿತು. ನಾನೂ ಅಷ್ಟು ವರ್ಷ ಅದೇ ಲಾಂಚಿನ ಹಿಂದೆ ನಿಂತಿದ್ದೆ.

ಊಟ ಮುಗಿಯುವ ಹೊತ್ತಿಗೆ ಮಾತು ಹುಡುಗಿಯ ಮುಂದಿನ ಓದಿನ ಕಡೆ ತಿರುಗಿತು. ಅವಳಿಗೆ ಮೈಸೂರಿನಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಭಾವ ಎಲೆಯಡಿಕೆಯ ತಟ್ಟೆ ಎಳೆದುಕೊಂಡು, ‘ಅಷ್ಟು ದೂರ... ಹಾಸ್ಟೆಲ್ ಖರ್ಚು ಬೇರೆ... ಇಲ್ಲೇ ಹತ್ತಿರದಲ್ಲಿ ಏನಾದರೂ ನೋಡಿದರೆ...’ ಎಂದು ನನ್ನ ಮುಖ ನೋಡಿದರು. ನಾನು ಬಾಯಿ ತೆರೆಯುವುದರೊಳಗೆ ಒಳಗಿನಿಂದ ಅಕ್ಕನ ದನಿ ಬಂತು:

‘ಮಂಡಿಯಲ್ಲಿ ಮುಂಗಡ ಈಗಲೂ ಕೊಡುತ್ತಾರೆ.’

ಭಾವ ಅಡಿಕೆ ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮಗಳನ್ನು ಕರೆದು, ಅರ್ಜಿ ಯಾವಾಗ ಹಾಕಬೇಕು ಎಂದು ವಿಚಾರಿಸಿದರು.